ಪದವಿಯಿಲ್ಲದ ಪ್ರಾಧ್ಯಾಪಕ: ವಿಲ್ಹೆಲ್ಮ್ ಹಾಫ್‌ಮೈಸ್ಟರ್

ಜರೀಗಿಡಕ್ಕೆ ಹೂವಿಲ್ಲ, ಕಾಯಿಲ್ಲ, ಬೀಜವೂ ಇಲ್ಲ. ಹಾಗಾದರೆ ಅದರ ವಂಶ ಬೆಳೆಯುವುದು ಹೇಗೆ? ಈ ಪ್ರಶ್ನೆ ವಿಜ್ಞಾನಿಗಳನ್ನು ಬಹಳ ಕಾಲ ಕಾಡಿತ್ತು. ಸ್ವೀಡನ್ನಿನ ಲಿನೇಯಸ್ ಅವರು ಹೂ ಬಿಡದ ಸಸ್ಯಗಳನ್ನೆಲ್ಲ ಒಂದು ಗುಂಪಿಗೆ ಸೇರಿಸಿ, ಗುಟ್ಟಾಗಿ ಮದುವೆಯಾಗುವ ಗಿಡಗಳು ಎಂಬ ಅರ್ಥದ ಹೆಸರಿಟ್ಟು ಸುಮ್ಮನಾದರು. ಆ ಗುಟ್ಟನ್ನು ಪೂರ್ತಿಯಾಗಿ ಬಿಡಿಸಿದವರು ಕಾಲೇಜಿನ ಮೆಟ್ಟಿಲನ್ನೇ ಹತ್ತದ ಒಬ್ಬ ಪುಸ್ತಕ ವ್ಯಾಪಾರಿ. ಅವರೇ ವಿಲ್ಹೆಲ್ಮ್ ಹಾಫ್‌ಮೈಸ್ಟರ್.

ಹಾಫ್‌ಮೈಸ್ಟರ್ ಅವರು 1824ರ ಮೇ 18ರಂದು ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಜನಿಸಿದರು. ತಂದೆ ಸಂಗೀತ ಗ್ರಂಥಗಳ ಪ್ರಕಾಶಕರು; ಗಿಡಗಳನ್ನು ಒಣಗಿಸಿ ಸಂಗ್ರಹಿಸುವ ಹವ್ಯಾಸವೂ ಅವರಿಗಿತ್ತು. ಹದಿನೈದರ ವಯಸ್ಸಿನಲ್ಲಿ ಶಾಲೆ ಬಿಟ್ಟ ಮಗ, ಹ್ಯಾಂಬರ್ಗಿನ ಸಂಗೀತದ ಅಂಗಡಿಯೊಂದರಲ್ಲಿ ಕೆಲಸ ಕಲಿತು, 1841ರಲ್ಲಿ ತಂದೆಯ ವ್ಯಾಪಾರಕ್ಕೆ ಸೇರಿದರು. ಸಸ್ಯಶಾಸ್ತ್ರಕ್ಕೆ ಅವರಿಗೆ ಸಿಗುತ್ತಿದ್ದುದು ಬೆಳಗಿನ ಜಾವ ಮಾತ್ರ. ಜೊತೆಗೆ ಕಣ್ಣಿನ ತೊಂದರೆ. ದೂರದ ವಸ್ತು ಅವರಿಗೆ ಕಾಣುತ್ತಿರಲಿಲ್ಲ, ಗಿಡವನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು ನೋಡಬೇಕಿತ್ತು. ಈ ಕೊರತೆಯೇ ಅವರನ್ನು ಸೂಕ್ಷ್ಮದರ್ಶಕದ ಕಡೆಗೆ ಎಳೆದಿರಬೇಕೆಂದು ನನಗೆ ಅನ್ನಿಸುತ್ತದೆ.

ಆ ಕಾಲದ ದೊಡ್ಡ ಸಸ್ಯಶಾಸ್ತ್ರಜ್ಞರಾದ ಶ್ಲೈಡನ್ ಅವರ ಪಠ್ಯಪುಸ್ತಕ ಓದಿ ಹಾಫ್‌ಮೈಸ್ಟರ್ ಸ್ಫೂರ್ತಿ ಪಡೆದರು. ಆದರೆ ಪರಾಗನಾಳದ ತುದಿಯೇ ಬೆಳೆದು ಭ್ರೂಣವಾಗುತ್ತದೆ ಎಂಬ ಶ್ಲೈಡನ್ ವಾದವನ್ನು ಅವರು ಒಪ್ಪಲಿಲ್ಲ. ಭ್ರೂಣವು ಅಂಡದಿಂದಲೇ ಬೆಳೆಯುತ್ತದೆಂದು 1849ರ ತಮ್ಮ ಪುಸ್ತಕದಲ್ಲಿ ತೋರಿಸಿಕೊಟ್ಟರು. ಯಾರ ಪುಸ್ತಕದಿಂದ ಕಲಿತರೋ ಅವರ ತಪ್ಪನ್ನೇ ತಿದ್ದಿದಾಗ ಅವರಿಗಿನ್ನೂ ಇಪ್ಪತ್ತೈದು ವರ್ಷ.

ಇನ್ನು ಜರೀಗಿಡದ ವಿಷಯ. ಎಲೆಯ ಹಿಂಬದಿಯಲ್ಲಿ ಸಾಲಾಗಿ ಕಾಣುವ ಕಂದು ಚುಕ್ಕೆಗಳನ್ನು ವಿದ್ಯಾರ್ಥಿಗಳು ನೋಡಿರಬಹುದು. ಅವುಗಳಿಂದ ಉದುರುವ ಹುಡಿಯೇ ಬೀಜಾಣುಗಳು. ಒಂದು ಬೀಜಾಣು ಒದ್ದೆ ಮಣ್ಣಿಗೆ ಬಿದ್ದರೆ ನೇರವಾಗಿ ಜರೀಗಿಡ ಹುಟ್ಟುವುದಿಲ್ಲ. ಉಗುರಿಗಿಂತಲೂ ಚಿಕ್ಕದಾದ, ಹೃದಯದ ಆಕಾರದ ತೆಳು ಹಸಿರು ಹಾಳೆಯೊಂದು ಬೆಳೆಯುತ್ತದೆ. ಗಂಡು ಮತ್ತು ಹೆಣ್ಣು ಅಂಗಗಳಿರುವುದು ಇದರ ಕೆಳಮೈಯಲ್ಲಿ. ಗಂಡು ಕಣಗಳು ನೀರಿನ ಪದರದಲ್ಲಿ ಈಜಿ ಅಂಡವನ್ನು ಸೇರಿದ ಮೇಲೆಯೇ ನಮಗೆ ಪರಿಚಿತವಾದ ಜರೀಗಿಡ ಮೊಳೆಯುತ್ತದೆ. ಗಿಡಕ್ಕೆ ತೇವ ಏಕೆ ಬೇಕೆಂಬುದೂ ಇದರಿಂದ ತಿಳಿಯುತ್ತದೆ. ಈ ಅಂಗಗಳನ್ನು ನೇಗೆಲಿ, ಸುಮಿನ್‌ಸ್ಕಿ ಮುಂತಾದವರು 1840ರ ದಶಕದಲ್ಲೇ ಕಂಡಿದ್ದರು. ಆದರೆ ಬಿಡಿಬಿಡಿಯಾಗಿ ಕಂಡದ್ದರ ಒಟ್ಟು ಅರ್ಥ ಹೊಳೆದಿರಲಿಲ್ಲ.

ಹಾಫ್‌ಮೈಸ್ಟರ್ ಹಾವಸೆ, ಜರೀಗಿಡ, ಈಕ್ವಿಸೀಟಮ್, ಸೆಲಾಜಿನೆಲ್ಲ, ಸೂಚಿಪರ್ಣಿ ಮರಗಳು ಇವೆಲ್ಲವನ್ನೂ ಒಂದೊಂದಾಗಿ ಸೀಳಿ ಹೋಲಿಸಿದರು. ಎಲ್ಲದರಲ್ಲೂ ಎರಡು ಪೀಳಿಗೆಗಳು ಸರದಿಯಂತೆ ಬರುತ್ತವೆ: ಒಂದು ಬೀಜಾಣು ಕೊಡುವುದು, ಇನ್ನೊಂದು ಅಂಡ ಮತ್ತು ಗಂಡು ಕಣ ಕೊಡುವುದು. ಹಾವಸೆಯಲ್ಲಿ ನಾವು ಕಾಣುವ ಹಸಿರು ಭಾಗ ಎರಡನೆಯದು. ಜರೀಗಿಡದಲ್ಲಿ ದೊಡ್ಡ ಗಿಡವೇ ಮೊದಲನೆಯದು. ಸೂಚಿಪರ್ಣಿಗಳಲ್ಲಿ ಎರಡನೆಯದು ತೀರ ಕುಗ್ಗಿ, ಅದರ ಹೆಣ್ಣು ರೂಪ ಅಂಡಕದೊಳಗೇ ಅಡಗಿದೆ. ಬೇರೆ ಬೇರೆಯೆಂದು ತಿಳಿದಿದ್ದ ಸಸ್ಯವರ್ಗಗಳ ನಂಟು ಹೀಗೆ ಬಯಲಾಯಿತು. ಇದನ್ನು ವಿವರಿಸುವ ಅವರ ಮಹಾಗ್ರಂಥ 1851ರಲ್ಲಿ, ಅಂದರೆ ಡಾರ್ವಿನ್ನರ ಪ್ರಸಿದ್ಧ ಪುಸ್ತಕಕ್ಕಿಂತ ಎಂಟು ವರ್ಷ ಮೊದಲೇ ಪ್ರಕಟವಾಯಿತು.

ಅದೇ ವರ್ಷ ರಾಸ್ಟಾಕ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಆದರೂ ಅವರು ಅಂಗಡಿಯಲ್ಲೇ ಉಳಿದರು. 1863ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯ, ಪರೀಕ್ಷೆ ಬರೆದು ಪದವಿ ಪಡೆಯದ ಈ ವ್ಯಾಪಾರಿಯನ್ನು ಪ್ರಾಧ್ಯಾಪಕರನ್ನಾಗಿ ಕರೆಸಿಕೊಂಡಿತು. 1872ರಲ್ಲಿ ಟ್ಯೂಬಿಂಗನ್ನಿಗೆ ಹೋದರು. ಮುಂದೆ ಹೆಸರಾಂತ ಸಸ್ಯಶಾಸ್ತ್ರಜ್ಞರಾದ ಕಾರ್ಲ್ ಗೋಬೆಲ್ ಅಲ್ಲಿ ಅವರ ಶಿಷ್ಯರು. ಮನೆಯಲ್ಲಿ ಮಾತ್ರ ದುಃಖದ ಮೇಲೆ ದುಃಖ. 1870ರಲ್ಲಿ ಪತ್ನಿ ತೀರಿಕೊಂಡರು. ಮಕ್ಕಳಲ್ಲಿ ಹಲವರು ಅವರ ಕಣ್ಣೆದುರಿಗೇ ಹೋದರು. ಅವರ ಆರೋಗ್ಯವೂ ಕೆಟ್ಟಿತು. 1877ರ ಜನವರಿ 12ರಂದು ನಿಧನರಾದಾಗ ಅವರಿಗೆ 52 ವರ್ಷ.

ಹೂ ಬಿಡದ ಗಿಡಗಳಂತೆಯೇ ಬೀಜಧಾರಿಗಳಾದ ಸೂಚಿಪರ್ಣಿಗಳ ಪರಾಗನಾಳದಲ್ಲೂ ಈಜುವ ಗಂಡು ಕಣಗಳು ಇರಬಹುದೆಂದು ಅವರು ತಮ್ಮ ಗ್ರಂಥದಲ್ಲಿ ಊಹಿಸಿದ್ದರು. 1896ರಲ್ಲಿ ಜಪಾನಿನ ಹಿರಾಸೆ ಎಂಬುವರು, ಸೂಚಿಪರ್ಣಿಗಳ ಬಂಧುವಾದ ಗಿಂಕ್ಗೊ ಮರದಲ್ಲಿ ಅಂತಹ ಕಣಗಳನ್ನು ಕಣ್ಣಾರೆ ಕಂಡರು. ಅದೇ ವರ್ಷ ಇಕೆನೊ ಅವರು ಸೈಕಸ್ ಗಿಡದಲ್ಲೂ ಕಂಡರು.