ನರಗುಂದದ ಬಾಬಾಸಾಹೇಬ: ಗಲ್ಲಿಗೇರಿದ ದೊರೆಯ ನೆನಪು

ಸ್ಪೇನಿನ ಆಳ್ವಿಕೆಯ ವಿರುದ್ಧ 1810ರ ಸೆಪ್ಟೆಂಬರ್ 16ರಂದು ಇಗರ್ಜಿಯ ಗಂಟೆ ಬಾರಿಸಿ ಮೆಕ್ಸಿಕೋದ ಜನರನ್ನು ಎಬ್ಬಿಸಿದ ಧರ್ಮಗುರು ಮಿಗೆಲ್ ಹಿಡಾಲ್ಗೊ ಅವರ ಹೆಸರನ್ನು ನಮ್ಮಲ್ಲಿ ಹಲವರು ಕೇಳಿದ್ದೇವೆ. ನಮ್ಮದೇ ರಾಜ್ಯದ ನರಗುಂದದಲ್ಲಿ ಅಂಥದೇ ಹೋರಾಟಕ್ಕೆ ಇಳಿದು ಪ್ರಾಣ ಕೊಟ್ಟ ದೊರೆಯ ಕಥೆ ಮಾತ್ರ ಕರಾವಳಿಯ ನಮಗೆ ಅಷ್ಟಾಗಿ ತಿಳಿದಿಲ್ಲ.

ಇಂದಿನ ಗದಗ ಜಿಲ್ಲೆಯ ನರಗುಂದ ಆಗ ಪುಟ್ಟ ಸಂಸ್ಥಾನ. ಊರಿಗೆ ಒರಗಿಕೊಂಡಂತೆ ಗುಡ್ಡ, ಗುಡ್ಡದ ಮೇಲೆ ಕೋಟೆ. ಆಳುತ್ತಿದ್ದವರು ಭಾವೆ ಮನೆತನದವರು. ಕೊನೆಯ ದೊರೆ ಭಾಸ್ಕರರಾವ್ ಭಾವೆ. ಜನರ ಬಾಯಲ್ಲಿ ಬಾಬಾಸಾಹೇಬ. ಇವರು ವಿದ್ಯಾಪ್ರಿಯರು. ಸಾವಿರಾರು ಸಂಸ್ಕೃತ ಗ್ರಂಥಗಳನ್ನು ಅರಮನೆಯಲ್ಲಿ ಕೂಡಿಟ್ಟಿದ್ದರು.

ಇದ್ದ ಒಬ್ಬ ಮಗನೂ ತೀರಿಕೊಂಡಾಗ ಬಾಬಾಸಾಹೇಬರು ದತ್ತು ಪಡೆಯಲು ಕಂಪನಿ ಸರಕಾರದ ಅನುಮತಿ ಬೇಡಿದರು. ಸರಕಾರ ಒಪ್ಪಲಿಲ್ಲ. ವಾರಸುದಾರನಿಲ್ಲದ ಸಂಸ್ಥಾನ ಕಂಪನಿಯ ವಶವಾಗುವುದು ಆಗಿನ ನೀತಿ. ಹೀಗೆ ಮಗನನ್ನು ಕಳೆದುಕೊಂಡ ತಂದೆಗೆ ಮನೆತನವೇ ಅಳಿಯುವ ಭಯ ಎದುರಾಯಿತು. ಇದರ ಮೇಲೆ 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆ ಬಂತು. ಅದನ್ನು ಧಿಕ್ಕರಿಸಿದ ಹಲಗಲಿಯ ಬೇಡರನ್ನು ಅದೇ ವರ್ಷದ ನವೆಂಬರಿನಲ್ಲಿ ಸರಕಾರ ಕ್ರೂರವಾಗಿ ದಮನ ಮಾಡಿತು.

1858ರ ಮೇ ತಿಂಗಳಲ್ಲಿ ಮುಂಡರಗಿಯ ಭೀಮರಾಯರು ಬಂಡೆದ್ದು ಕೊಪ್ಪಳದ ಕೋಟೆಯನ್ನು ಹಿಡಿದರು. ಬಾಬಾಸಾಹೇಬರೂ ಹೋರಾಟಕ್ಕೆ ಇಳಿದರು. ಮೇ 29ರ ರಾತ್ರಿ ಅವರ ಪಡೆ ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಅವರ ಮೇಲೆ ಬಿದ್ದು ಅವರನ್ನು ಕೊಂದಿತು. ಅವರ ತಲೆಯನ್ನು ನರಗುಂದಕ್ಕೆ ತಂದು ಊರ ಬಾಗಿಲಿಗೆ ತೂಗುಹಾಕಲಾಯಿತು.

ಮುಂದಿನದೆಲ್ಲ ಎರಡೇ ವಾರಗಳಲ್ಲಿ ಮುಗಿಯಿತು. ಜೂನ್ 1ರಂದು ಭೀಮರಾಯರು ಕೊಪ್ಪಳದಲ್ಲಿ ಮಡಿದರು. ಅದೇ ಹೊತ್ತಿಗೆ ಕರ್ನಲ್ ಮಾಲ್ಕಂನ ಸೈನ್ಯ ನರಗುಂದವನ್ನು ಗೆದ್ದುಕೊಂಡಿತು. ಬಾಬಾಸಾಹೇಬರು ಪಂಢರಪುರದ ಯಾತ್ರಿಕರ ವೇಷದಲ್ಲಿ ತಪ್ಪಿಸಿಕೊಂಡು ಹೋಗುತ್ತಿರುವಾಗ ತೊರಗಲ್ಲಿನ ಕಾಡಿನಲ್ಲಿ ಸೆರೆಸಿಕ್ಕರು. ಜೂನ್ 12ರಂದು ಬೆಳಗಾವಿಯಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು. ಅವರ ತಾಯಿ ಮತ್ತು ಪತ್ನಿ ಮಲಪ್ರಭೆಯ ನೀರಿನ ಪಾಲಾದರು. ಗ್ರಂಥಭಂಡಾರವೂ ಉಳಿಯಲಿಲ್ಲ.

ಐದು ತಿಂಗಳೊಳಗೆ, ನವೆಂಬರ್ 1ರಂದು, ವಿಕ್ಟೋರಿಯಾ ರಾಣಿಯ ಘೋಷಣೆ ಹೊರಬಿತ್ತು. ಕಂಪನಿಯ ಆಳ್ವಿಕೆ ಕೊನೆಗೊಂಡಿತು; ದತ್ತು ನಿರಾಕರಿಸುವ ನೀತಿಯನ್ನೂ ಕ್ರಮೇಣ ಕೈಬಿಡಲಾಯಿತು. ಯಾವ ಹಕ್ಕಿಗಾಗಿ ನರಗುಂದದ ಮನೆತನ ಅಳಿಯಿತೋ ಆ ಹಕ್ಕು ಉಳಿದ ಅರಸರಿಗೆ ದೊರೆಯಿತು.

ಈ ಕಥೆಯನ್ನು ಓದುವಾಗ ಒಂದು ಪ್ರಶ್ನೆ ನಮ್ಮನ್ನು ಕಾಡುತ್ತದೆ. ಆಳಿದವರು ಕ್ರಿಸ್ತನ ಹೆಸರು ಹೇಳುತ್ತಿದ್ದವರು. ಹಾಗೆಂದು ಅವರ ಅನ್ಯಾಯವನ್ನು ನಾವು ಮರೆಮಾಚಬೇಕೇ? ಖಂಡಿತ ಇಲ್ಲ. ಮೆಕ್ಸಿಕೋದಲ್ಲಿ ಆಳಿದವರೂ ಕಥೋಲಿಕರೇ, ಅವರನ್ನು ಎದುರಿಸಿದವರೂ ಕಥೋಲಿಕ ಧರ್ಮಗುರುವೇ. 1811ರ ಜುಲೈ 30ರಂದು ಹಿಡಾಲ್ಗೊ ಅವರನ್ನು ಗುಂಡಿಕ್ಕಿ ಕೊಂದು, ಅವರ ತಲೆಯನ್ನು ಗ್ವಾನಾಹ್ವಾತೊ ನಗರದ ಧಾನ್ಯಾಗಾರದ ಮೂಲೆಯಲ್ಲಿ ತೂಗುಹಾಕಿದರು. ಅದು ಹತ್ತು ವರ್ಷ ಅಲ್ಲೇ ಇತ್ತು. ಅಲ್ಲಿ ಆಳುವವರು ಮಾಡಿದ್ದನ್ನೇ ಇಲ್ಲಿ ಬಂಡೆದ್ದವರು ಮಾಡಿದರು. ನ್ಯಾಯ ಬಾಬಾಸಾಹೇಬರ ಕಡೆಗಿತ್ತು ಎಂದು ನಾವು ನಂಬುತ್ತೇವೆ. ಆದರೂ ಊರ ಬಾಗಿಲ ಆ ತಲೆಯನ್ನು ನೆನೆದಾಗ ನಮ್ಮ ಮನಸ್ಸು ಹಿಗ್ಗುವುದಿಲ್ಲ. ಸತ್ತವರನ್ನು ಗೌರವದಿಂದ ಮಣ್ಣು ಮಾಡುವುದು ನಮ್ಮ ಧರ್ಮಸಭೆ ಕಲಿಸಿದ ದಯೆಯ ಕಾರ್ಯಗಳಲ್ಲಿ ಒಂದು. ಶತ್ರುವಿನ ಶವಕ್ಕೂ ಅದು ಅನ್ವಯಿಸುತ್ತದೆ.

ನಾಡಿಗಾಗಿ ಮಡಿದವರನ್ನು ನಾವು ಆಗಸ್ಟ್ 15ರಂದು ನೆನೆಯುತ್ತೇವೆ. ಅಂದು ಸ್ವರ್ಗಾರೋಹಣ ಮಾತೆಯ ಹಬ್ಬವೂ ಹೌದು. ಅಂದಿನ ಬಲಿಪೂಜೆಯ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ನರಗುಂದದ ದೊರೆಯನ್ನೂ, ಮಲಪ್ರಭೆಯಲ್ಲಿ ಮುಳುಗಿದ ಆ ಇಬ್ಬರು ಹೆಣ್ಣುಮಕ್ಕಳನ್ನೂ, ಸುರೇಬಾನದಲ್ಲಿ ಸತ್ತ ಆ ಪರದೇಶಿಯನ್ನೂ ಒಟ್ಟಿಗೆ ನೆನೆಯೋಣ. ದೇವರು ಅವರೆಲ್ಲರಿಗೂ ನಿತ್ಯ ಶಾಂತಿಯನ್ನು ದಯಪಾಲಿಸಲಿ.