ಹಂಗಿನ ಹಣ ಮುಟ್ಟದ ಪತ್ರಕರ್ತ ಡಿ.ವಿ.ಜಿ.

ಪತ್ರಿಕೆಯ ಬಾಯಿ ಮುಚ್ಚಿಸಲು ಎರಡು ದಾರಿಗಳಿವೆ. ಒಂದು ಕಾನೂನಿನದು, ಇನ್ನೊಂದು ಹಣದ್ದು. ಮೊದಲನೆಯದು ಎಲ್ಲರಿಗೂ ಕಾಣುತ್ತದೆ, ಎರಡನೆಯದು ಸದ್ದಿಲ್ಲದೆ ಬರುತ್ತದೆ. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರು ಇವೆರಡನ್ನೂ ಹತ್ತಿರದಿಂದ ಕಂಡವರು. 'ಮಂಕುತಿಮ್ಮನ ಕಗ್ಗ'ದ ಕವಿಯೆಂದೇ ನಾಡು ಅವರನ್ನು ನೆನೆಯುತ್ತದೆ. ಆದರೆ ಅವರು ಆರಿಸಿಕೊಂಡ ವೃತ್ತಿ ಪತ್ರಿಕೋದ್ಯಮ.

1887ರ ಮಾರ್ಚ್ 17ರಂದು ಮುಳಬಾಗಿಲಿನಲ್ಲಿ ಜನಿಸಿದ ಡಿ.ವಿ.ಜಿ. ಮೆಟ್ರಿಕ್ಯುಲೇಷನ್ ಪರೀಕ್ಷೆ ದಾಟಲಿಲ್ಲ. ಕೋಲಾರದ ಚಿನ್ನದ ಗಣಿ ಪ್ರದೇಶದ ಸೋಡಾ ಕಾರ್ಖಾನೆಯಲ್ಲಿ, ಬೆಂಗಳೂರಿನಲ್ಲಿ ಜಟಕಾ ಗಾಡಿಗಳಿಗೆ ಬಣ್ಣ ಬಳಿಯುವ ಅಂಗಡಿಯಲ್ಲಿ ದುಡಿದು, ಕೊನೆಗೆ 'ಸೂರ್ಯೋದಯ ಪ್ರಕಾಶಿಕಾ' ಪತ್ರಿಕೆಯನ್ನು ಸೇರಿದರು.

ಅಷ್ಟರಲ್ಲೇ ಮೊದಲನೆಯ ಪೆಟ್ಟು ಬಿತ್ತು. ದಿವಾನ್ ವಿ.ಪಿ. ಮಾಧವರಾಯರ ಕಾಲದಲ್ಲಿ, 1908ರಲ್ಲಿ, ಮೈಸೂರು ಸಂಸ್ಥಾನ ಪತ್ರಿಕಾ ನಿರ್ಬಂಧ ಕಾನೂನನ್ನು ಜಾರಿಗೆ ತಂದಿತು. ಪತ್ರಿಕೆ ನಡೆಸಲು ಸರ್ಕಾರದ ಅನುಮತಿ ಬೇಕಾಯಿತು. ಕೊಟ್ಟ ಅನುಮತಿಯನ್ನು ಹಿಂತೆಗೆದುಕೊಳ್ಳುವ ಅಧಿಕಾರವೂ ಅದರ ಕೈಯಲ್ಲೇ ಉಳಿಯಿತು. ತಾತಯ್ಯನೆಂದು ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಇಪ್ಪತ್ತೊಂದರ ಹರೆಯದ ಗುಂಡಪ್ಪನವರು ಕೆಲಸಕ್ಕೆ ಮದರಾಸಿನ ಕಡೆ ನೋಡಬೇಕಾಯಿತು. ಕಾನೂನನ್ನು ಅವರು ಬರಹದ ಮೂಲಕ ವಿರೋಧಿಸಿದರು.

1913ರಲ್ಲಿ ಅವರು ಬೆಂಗಳೂರಿನಿಂದ 'ಕರ್ನಾಟಕ' ಎಂಬ ಇಂಗ್ಲಿಷ್ ಅರ್ಧವಾರಪತ್ರಿಕೆಯನ್ನು ಆರಂಭಿಸಿದರು. ಆಗ ವಿಶ್ವೇಶ್ವರಯ್ಯನವರು ದಿವಾನರು. ಇಬ್ಬರಲ್ಲೂ ಪರಸ್ಪರ ಗೌರವವಿತ್ತು. ಪತ್ರಕರ್ತನ ನಿಜವಾದ ಪರೀಕ್ಷೆ ನಡೆಯುವುದು ಇಂಥ ಸ್ನೇಹದಲ್ಲಿಯೇ. ಸರ್ಕಾರಕ್ಕೆ ಮಾಡಿಕೊಟ್ಟ ಬರವಣಿಗೆಯ ಕೆಲಸಕ್ಕಾಗಿ ಬಂದ ಚೆಕ್ಕುಗಳನ್ನು ಡಿ.ವಿ.ಜಿ. ನಗದಾಗಿಸಿಕೊಳ್ಳದೆ ಪೆಟ್ಟಿಗೆಯಲ್ಲಿಟ್ಟಿದ್ದರೆಂಬ ಸಂಗತಿಯನ್ನು ಅವರನ್ನು ಬಲ್ಲವರು ಹೇಳುತ್ತ ಬಂದಿದ್ದಾರೆ. ಮನೆಯಲ್ಲಿ ಬಡತನವಿದ್ದಾಗಲೂ ಆ ಹಣದ ಹಂಗು ಅವರಿಗೆ ಬೇಡವಾಗಿತ್ತು.

ಗೋಕಾಕ, ಕುಲಗೋಡ ಸೀಮೆಗೆ ದೂರವಲ್ಲದ ಬಾಗಲಕೋಟೆಯಲ್ಲಿ 1928ರಲ್ಲಿ ಕರ್ನಾಟಕ ಪತ್ರಕರ್ತರ ಸಮ್ಮೇಳನ ನಡೆಯಿತು. ಆ ಭಾಗ ಅಂದು ಮುಂಬಯಿ ಪ್ರಾಂತದಲ್ಲಿತ್ತು. ಮೈಸೂರಿನ ಡಿ.ವಿ.ಜಿ.ಯವರೇ ಅದರ ಅಧ್ಯಕ್ಷರು. ಈ ವೃತ್ತಿಯ ಹೊಣೆಯನ್ನು ಕುರಿತು ಅವರು 'ವೃತ್ತಪತ್ರಿಕೆ' ಎಂಬ ಪುಸ್ತಕವನ್ನೂ ಬರೆದರು. ಮೈಸೂರಿನ ಶಾಸನಸಭೆಯಲ್ಲಿಯೂ ಸದಸ್ಯರಾಗಿದ್ದರು. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. ಪಕ್ಷದ ಕಣ್ಣಿನಿಂದಲ್ಲದೆ ವಿವೇಚನೆಯಿಂದ ರಾಜಕೀಯವನ್ನು ನೋಡಲು ಜನರಿಗೆ ಕಲಿಸುವುದು ಅದರ ಉದ್ದೇಶವಾಗಿತ್ತು. ನಾಡು ಸನ್ಮಾನಿಸಿ ಒಪ್ಪಿಸಿದ ನಿಧಿಯನ್ನೂ ಅವರು ಆ ಸಂಸ್ಥೆಗೇ ಕೊಟ್ಟುಬಿಟ್ಟರು.

ಅವರ ಕಾಲದ ಅನಂತರ ಹಣದ ದಾರಿ ಅಗಲವಾಯಿತು. 2009ರ ಜನವರಿಯಲ್ಲಿ ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಕಂಪನಿಯ ಸಾವಿರಾರು ಕೋಟಿ ರೂಪಾಯಿಗಳ ಸುಳ್ಳು ಲೆಕ್ಕ ಬಯಲಾಯಿತು. ಅದನ್ನು ಹೊರಗೆಡಹಿದ್ದು ಪತ್ರಿಕೆಗಳಲ್ಲ, ಅಧ್ಯಕ್ಷರೇ ಬರೆದ ತಪ್ಪೊಪ್ಪಿಗೆಯ ಪತ್ರ. ಅದೇ ವರ್ಷದ ಚುನಾವಣೆಗಳಲ್ಲಿ ಅಭ್ಯರ್ಥಿಗಳ ಹೊಗಳಿಕೆ ಹಣಕ್ಕೆ ಸುದ್ದಿಯಾಗಿ ಮಾರಾಟವಾದ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿಯ ಉಪಸಮಿತಿ ವಿಚಾರಣೆ ನಡೆಸಿತು. ಪತ್ರಿಕೆಗಳ ಹೆಸರುಗಳಿದ್ದ ಆ ಪೂರ್ಣ ವರದಿಯನ್ನು ಪ್ರಕಟಿಸಲು ಮಂಡಳಿಯೇ ಹಿಂಜರಿಯಿತು. ಕೇಂದ್ರ ಮಾಹಿತಿ ಆಯೋಗ ಆದೇಶಿಸಿದ ಮೇಲೆ, 2011ರಲ್ಲಿ, ಅದು ಹೊರಬಂತು. ಇತರರ ಗುಟ್ಟು ಕೆದಕುವ ಉದ್ಯಮ ತನ್ನ ಗುಟ್ಟನ್ನು ಹೀಗೆ ಕಾಯ್ದುಕೊಂಡಿತ್ತು.

1974ರಲ್ಲಿ ಡಿ.ವಿ.ಜಿ.ಯವರಿಗೆ ಪದ್ಮಭೂಷಣ ಪ್ರಶಸ್ತಿ ಬಂತು. 1975ರ ಅಕ್ಟೋಬರ್ 7ರಂದು ಅವರು ತೀರಿಕೊಂಡರು. ಅಂದು ದೇಶದಲ್ಲಿ ತುರ್ತು ಪರಿಸ್ಥಿತಿಯಿತ್ತು, ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು. ನಿರ್ಬಂಧ ಕಾನೂನಿನ ನೆರಳಲ್ಲಿ ಆರಂಭವಾದ ಪತ್ರಕರ್ತನ ಬಾಳು ಮತ್ತೊಂದು ನಿರ್ಬಂಧದ ನಡುವೆ ಮುಗಿಯಿತು. ಮೈಸೂರಿನ ಆ ಕಾನೂನೂ ಈಗಿಲ್ಲ, 1975ರ ಆ ಸೆನ್ಸಾರೂ ಈಗಿಲ್ಲ. ಚೆಕ್ಕುಗಳು ಮಾತ್ರ ಇಂದಿಗೂ ಬರುತ್ತಲೇ ಇವೆ. ಪೆಟ್ಟಿಗೆಯಲ್ಲಿಟ್ಟು ಮರೆಯುವವರು ವಿರಳ.