ಜಹೀರ್ ರಾಯ್‌ಹಾನ್ ಮತ್ತು ಇಪ್ಪತ್ತು ನಿಮಿಷದ ಚಿತ್ರ

ಸಿನಿಮಾ ಅಂದಮೇಲೆ ಮೂರು ಗಂಟೆ ಇರಬೇಕು, ನಡುವೆ ಇಂಟರ್‌ವಲ್ ಬೇಕು ಅನ್ನುವ ನಮ್ಮ ಗೆಳೆಯರಿಗೆ ಜಹೀರ್ ರಾಯ್‌ಹಾನ್ ಹೆಸರು ಗೊತ್ತಿರಲಿಕ್ಕಿಲ್ಲ. ಬಾಂಗ್ಲಾದೇಶದಲ್ಲಿ ಅದು ಮನೆಮಾತು.

ಹುಟ್ಟಿದ್ದು 1935ರಲ್ಲಿ, ಫೇನಿ ಕಡೆಯ ಮಜುಪುರ ಎಂಬ ಹಳ್ಳಿಯಲ್ಲಿ. ತಂದೆ ಕಲ್ಕತ್ತೆಯ ಮದ್ರಸಾದಲ್ಲಿ ಅಧ್ಯಾಪಕರು. ದೇಶ ಇಬ್ಭಾಗವಾದಾಗ ಸಂಸಾರ ಊರಿಗೆ ಮರಳಿತು. 1952ರ ಫೆಬ್ರವರಿ 21ರಂದು ಬಂಗಾಳಿಯೂ ರಾಷ್ಟ್ರಭಾಷೆಯಾಗಲಿ ಎಂದು ಢಾಕಾದ ವಿದ್ಯಾರ್ಥಿಗಳು 144ನೇ ಸೆಕ್ಷನ್ ಮುರಿದು ಹೊರಟರಲ್ಲ, ಆ ಮೊದಲ ತಂಡದಲ್ಲೇ ಇವರೂ ಇದ್ದರು. ಆಗ ವಯಸ್ಸು ಹದಿನಾರು. ಜೈಲೂ ಆಯಿತು. (ನಾವು ಸಂಘದ ವರ್ಗಣಿ ಕೊಡೋಕೇ ಮೂರು ಸಲ ಯೋಚಿಸ್ತೀವಿ!)

ಮುಂದೆ ಕಾದಂಬರಿ ಬರೆದರು, ಚಿತ್ರರಂಗಕ್ಕೆ ಬಂದರು. 1964ರ 'ಸಂಗಮ್' ಇಡೀ ಪಾಕಿಸ್ತಾನದ ಮೊದಲ ವರ್ಣಚಿತ್ರ. ವ್ಯವಹಾರ ಬಲ್ಲ ಮನುಷ್ಯ ಅಂತ ಇದರಿಂದಲೇ ಗೊತ್ತಾಗುತ್ತೆ. ಆದರೆ ಹೆಸರು ನಿಲ್ಲಿಸಿದ್ದು 1970ರ 'ಜೀಬನ್ ಥೇಕೆ ನೇಯಾ'. ಬೀಗದ ಕೈ ಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಮಂದಿಯನ್ನೆಲ್ಲ ಗೋಳುಹೊಯ್ದುಕೊಳ್ಳುವ ಒಬ್ಬ ಅಕ್ಕನ ಕಥೆ. ಅಕ್ಕ ಅಂದರೆ ಯಾರು, ಮನೆ ಅಂದರೆ ಯಾವುದು ಅಂತ ನೋಡಿದವರಿಗೆಲ್ಲ ಗೊತ್ತಿತ್ತು. ಸರ್ಕಾರಕ್ಕೂ ಗೊತ್ತಿತ್ತು.

1971ರ ಮಾರ್ಚ್ 25ರ ರಾತ್ರಿ ಸೈನ್ಯ ಢಾಕಾದ ಮೇಲೆ ಬಿದ್ದ ಮೇಲೆ ಇಂಥ ಒಗಟಿಗೆ ಜಾಗ ಉಳಿಯಲಿಲ್ಲ. ಸುಮಾರು ಒಂದು ಕೋಟಿ ಜನ ಗಡಿ ದಾಟಿ ಭಾರತಕ್ಕೆ ಬಂದರು. ರಾಯ್‌ಹಾನ್ ಕೂಡ ಕಲ್ಕತ್ತೆ ಸೇರಿದರು. ಕೈಯಲ್ಲಿ ಕಾಸಿಲ್ಲ. ಅಲ್ಲಿ ತಮ್ಮ ಹಳೇ ಚಿತ್ರದ ಪ್ರದರ್ಶನದಿಂದ ಬಂದ ಹಣವನ್ನೂ ವಿಮೋಚನಾ ಹೋರಾಟದ ನಿಧಿಗೆ ಕೊಟ್ಟುಬಿಟ್ಟರು. ಕಾಮರ್ಸ್ ಓದುವ ನನ್ನಂಥವನಿಗೆ ಈ ಲೆಕ್ಕ ತಾಳೆಯಾಗೋದಿಲ್ಲ.

ಆ ಸ್ಥಿತಿಯಲ್ಲಿ ತೆಗೆದದ್ದು 'ಸ್ಟಾಪ್ ಜೆನೊಸೈಡ್'. ಕಪ್ಪುಬಿಳುಪು, ಇಪ್ಪತ್ತೇ ನಿಮಿಷ. ಹೊರದೇಶದವರಿಗೂ ಮುಟ್ಟಲಿ ಅಂತ ವಿವರಣೆ ಇಂಗ್ಲಿಷಿನಲ್ಲಿ. ಅದು ಆಲಂಗೀರ್ ಕಬೀರ್ ಅವರದು. ಮೊದಲಿಗೆ ಹಳ್ಳಿಯ ಹುಡುಗಿಯೊಬ್ಬಳು ಭತ್ತ ಕುಟ್ಟುತ್ತಿರುತ್ತಾಳೆ. ಆಮೇಲೆ ಬೂಟಿನ ಸಪ್ಪಳ, ಗುಂಡಿನ ಸದ್ದು. ಅಲ್ಲಿಂದ ಮುಂದೆ ಕೆಸರಲ್ಲಿ ಗಂಟುಮೂಟೆ ಹೊತ್ತು ನಡೆಯುವ ಮುದುಕರು, ಮಕ್ಕಳು, ಶಿಬಿರ. ನಟರಿಲ್ಲ, ಸೆಟ್ಟಿಲ್ಲ. ಬಣ್ಣ ತಂದ ಮನುಷ್ಯನೇ ಇದನ್ನು ತೆಗೆದದ್ದು ಅನ್ನೋದು ನೆನಪಿರಲಿ. ಚಿತ್ರದಲ್ಲಿ ಲೆನಿನ್ ಇದ್ದಾನೆ, ಶೇಖ್ ಮುಜೀಬರೇ ಇಲ್ಲ ಅಂತ ಸ್ವಂತ ಪಾಳಯದಲ್ಲೇ ತಕರಾರು ಎದ್ದಿತು. ನಾಯಕರ ಬದಲು ಆ ನಡೆಯುವ ಜನರನ್ನು ತೋರಿಸಿದ್ದೇ ಸರಿ ಅಂತ ನನ್ನ ಅಭಿಪ್ರಾಯ.

ಡಿಸೆಂಬರ್ 16ಕ್ಕೆ ಯುದ್ಧ ಮುಗಿಯಿತು. ಅದಕ್ಕೆ ಎರಡೇ ದಿನ ಮುಂಚೆ ಅಣ್ಣ ಶಹೀದುಲ್ಲಾ ಕೈಸರ್, ಪತ್ರಕರ್ತ, ಕಾದಂಬರಿಕಾರ, ಇವರನ್ನು ಢಾಕಾದ ಮನೆಯಿಂದ ಎಳೆದೊಯ್ದಿದ್ದರು. ತಮ್ಮ ಊರಿಗೆ ಮರಳಿ ಅಣ್ಣನನ್ನು ಹುಡುಕಿದರು. ಬುದ್ಧಿಜೀವಿಗಳ ಕೊಲೆ ಬಗ್ಗೆ ತನಿಖೆ ಮಾಡಲು ಸಮಿತಿಯನ್ನೂ ಕಟ್ಟಿದರು. ಅಣ್ಣ ಮಿರ್‌ಪುರದಲ್ಲಿದ್ದಾರೆ ಅಂತ ಸುದ್ದಿ ಬಂತು. ಆ ಬಡಾವಣೆ ಇನ್ನೂ ಎದುರಾಳಿ ಬಂದೂಕುಗಳ ಕೈಯಲ್ಲೇ ಇತ್ತು. 1972ರ ಜನವರಿ 30ರಂದು ಹೋದವರು ವಾಪಸಾಗಲಿಲ್ಲ. ಆಗ ವಯಸ್ಸು ಮೂವತ್ತಾರು.

ಮಿರ್‌ಪುರದಲ್ಲಿ ಸಾಮೂಹಿಕ ಗೋರಿ ಪತ್ತೆಯಾದದ್ದು 1999ರಲ್ಲಿ. ಆ ದಿನದ ಗುಂಡಿನ ಮಳೆಯಲ್ಲೇ ಅವರು ಸತ್ತರೆಂದು, ಅಲ್ಲಿದ್ದು ಬದುಕುಳಿದ ಸೈನಿಕನೊಬ್ಬನಿಂದ ಆಮೇಲೆ ತಿಳಿಯಿತು. ಅಣ್ಣನ ಶವ ಸಿಗಲೇ ಇಲ್ಲ.